ಹಳೆಯ ಸ್ಪೋರ್ಟ್ಸ್ ಕಾರು: ಬಿಚ್ಚುವುದಕ್ಕೆ ಮೊದಲು

ಅರ್ಧಕ್ಕೆ ನಿಂತುಹೋದ ಕಾರೊಂದನ್ನು ಬಂದು ನೋಡಿ ಎಂದು ನನ್ನನ್ನು ಕರೆಯುವವರ ಗ್ಯಾರೇಜುಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ನಡುವೆ ಸ್ಟ್ಯಾಂಡುಗಳ ಮೇಲೆ ಬೋಳು ಬಾಡಿ, ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದ ಎಂಜಿನ್, ಗೋಡೆಯುದ್ದಕ್ಕೂ ಚೀಟಿ ಅಂಟಿಸದ ಡಬ್ಬಿಗಳು, ಅವುಗಳ ತುಂಬ ಎಲ್ಲಿಯದೆಂದು ತಿಳಿಯದ ಬೋಲ್ಟುಗಳು. ಮಾಲೀಕರಿಗೆ ಕೈಕೆಲಸ ಬಾರದೆ ಹೀಗಾಗಿರುವುದಿಲ್ಲ; ಬಹಳಷ್ಟು ಮಂದಿಗೆ ಚೆನ್ನಾಗಿಯೇ ಬರುತ್ತದೆ. ಅವರು ಮಾಡಿದ ತಪ್ಪೆಂದರೆ ಮೊದಲ ಎರಡು ವಾರಗಳಲ್ಲಿಯೇ ಇಡೀ ಕಾರನ್ನು ಬಿಚ್ಚಿಹಾಕಿದ್ದು. ಬಿಚ್ಚುವ ಕೆಲಸದಲ್ಲಿ ಒಂದು ಬಗೆಯ ಹುಮ್ಮಸ್ಸಿರುತ್ತದೆ, ಪ್ರತಿ ಸಂಜೆಯೂ ಏನೋ ಮುಗಿದಂತೆ ಅನ್ನಿಸುತ್ತದೆ. ಮೂರು ತಿಂಗಳ ನಂತರ ಯಾವ ವಾಶರ್ ಯಾವ ಬೋಲ್ಟಿನ ಕೆಳಗಿತ್ತೆಂಬುದು ಮರೆತುಹೋಗಿರುತ್ತದೆ. ಆದರೆ ಮರೆವಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಎಷ್ಟೇ ಕೆಟ್ಟಿದ್ದರೂ ಜೋಡಣೆಯಲ್ಲಿರುವ ಕಾರು ತನ್ನ ದೋಷ ಎಲ್ಲಿದೆಯೆಂದು ತೋರಿಸಿಕೊಡುತ್ತದೆ. ಬಿಡಿಬಿಡಿಯಾದ ಮೇಲೆ ಎಲ್ಲ ಭಾಗಗಳೂ ಒಂದೇ ತರಹ ಕೊಳಕಾಗಿ, ಒಂದೇ ತರಹ ಹಳೆಯದಾಗಿ ಕಾಣುತ್ತವೆ, ಕೆಟ್ಟದ್ದೂ ಒಳ್ಳೆಯದೂ ಬೇರೆಯಾಗಿ ಗೊತ್ತಾಗುವುದಿಲ್ಲ.

ಆದ್ದರಿಂದ ಮೊದಲ ಎರಡು ವಾರ ಸ್ಪಾನರ್ ಹಿಡಿಯುವುದಕ್ಕಿಂತ ನೋಟ್‌ಬುಕ್ ಹಿಡಿಯುವುದು ಲೇಸು. ಬಾಗಿಲುಗಳ ಸುತ್ತಲಿನ ಸಂದು ಎಲ್ಲಿ ಎಷ್ಟಿದೆ, ಎಣ್ಣೆ ಎಲ್ಲೆಲ್ಲಿ ಜಿನುಗುತ್ತಿದೆ, ಪ್ರತಿ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಎಷ್ಟು, ಬ್ಯಾಟರಿಯಿಂದ ದೀಪದವರೆಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಎಷ್ಟು ಕಡಿಮೆಯಾಗುತ್ತಿದೆ, ಸ್ಟಿಯರಿಂಗಿನಲ್ಲಿ ಸಡಿಲಾಟ ಎಷ್ಟಿದೆ ಎಂಬುದನ್ನೆಲ್ಲ ಅಳೆದು ಬರೆದುಕೊಂಡರೆ, ನಿಜವಾಗಿ ಬಿಚ್ಚಬೇಕಾದದ್ದು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂಬುದು ತಿಳಿಯುತ್ತದೆ. ಆಮೇಲೂ ಒಂದು ವ್ಯವಸ್ಥೆಯನ್ನು ಬಿಚ್ಚಿ, ಸರಿಪಡಿಸಿ, ಮರಳಿ ಜೋಡಿಸಿದ ನಂತರವೇ ಇನ್ನೊಂದಕ್ಕೆ ಕೈಹಾಕಬೇಕು.

ಅಳತೆ ಶುರುವಾಗಬೇಕಾದದ್ದು ಎಂಜಿನ್ನಿನಿಂದಲ್ಲ, ತುಕ್ಕಿನಿಂದ. ಎಂಜಿನ್ನನ್ನು ಯಾವಾಗ ಬೇಕಾದರೂ ಇಳಿಸಿ ಸರಿಪಡಿಸಬಹುದು. ಆದರೆ ಬಾಡಿಯ ಬಲವೇ ಹೋಗಿದ್ದರೆ ಆ ಎಂಜಿನ್ನಿಗೆ ಕೂರಲು ಜಾಗವಿರುವುದಿಲ್ಲ. 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ಚಾಸಿ ಎಂಬ ಪ್ರತ್ಯೇಕ ಅಡಿಚೌಕಟ್ಟಿಲ್ಲ. ತಗಡುಗಳನ್ನು ಮಡಿಚಿ ಬೆಸೆದ ಬಾಡಿಯೇ ಭಾರ ಹೊರುತ್ತದೆ. ಮೇಲ್ಛಾವಣಿಯಿರುವ ಕಾರಿನಲ್ಲಿ ಛಾವಣಿಯೂ ಬಾಡಿಯನ್ನು ಬಾಗದಂತೆ ಹಿಡಿದಿರುತ್ತದೆ, ತೆರೆದ ಕಾರಿನಲ್ಲಿ ಆ ಆಸರೆ ಇಲ್ಲದ ಕಾರಣ ಬಾಗಿಲುಗಳ ಕೆಳಗೆ ಹಾದುಹೋಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ಹೊಸ್ತಿಲ ಮೇಲೆ ಹೊರೆಯ ಬಹುಪಾಲು ಬೀಳುತ್ತದೆ. ಹೊರಗಿನ ತಗಡು ಹೊಳೆಯುತ್ತಿದ್ದರೂ ಒಳಗಿನ ಪದರಗಳು ಪುಡಿಯಾಗಿರಬಹುದು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರಲ್ಲಿ ತೊಂದರೆಯ ಮೂಲವೇ ಬೇರೆ: ಮಡಚುವ ಮೇಲ್ಹೊದಿಕೆಯ ನೀರು ಇಳಿದುಹೋಗುವ ಕೊಳವೆಗಳು ಸೀಟುಗಳ ಹಿಂಬದಿಯಲ್ಲಿ ಎಲೆ, ಧೂಳು ಸೇರಿ ಕಟ್ಟಿಕೊಳ್ಳುತ್ತವೆ, ನೀರು ಸಿಲ್ಲಿನೊಳಗೆ ನಿಲ್ಲುತ್ತದೆ, ಹಿಂದಿನ ಚಕ್ರದ ಮುಂಭಾಗದಲ್ಲಿ ಒಳಗಿನಿಂದ ಹೊರಕ್ಕೆ ತುಕ್ಕು ಬರುತ್ತದೆ. ಫೈಬರ್‌ಗ್ಲಾಸ್ ಬಾಡಿಯ ಲೋಟಸ್ ಎಲಾನ್‌ಗೆ ತುಕ್ಕಿನ ಭಯವಿಲ್ಲವೆಂದು ನಂಬುವವರೂ ಇದ್ದಾರೆ; ಅದರ ಕೆಳಗೆ ಬೆನ್ನೆಲುಬಿನಂತಿರುವ ಉಕ್ಕಿನ ಚಾಸಿಯನ್ನು ಅವರು ಮರೆತಿರುತ್ತಾರೆ.

ಈ ಪಾಠವನ್ನು ನಾನು ನನ್ನ ಸ್ವಂತ ಕಾರನ್ನು ಹಾಳುಮಾಡಿಕೊಂಡು ಕಲಿತೆ. ವೃತ್ತಿಗೆ ಬಂದ ಹೊಸತರಲ್ಲಿ ಒಂದು ತೆರೆದ ಕಾರಿನ ಎರಡೂ ಸಿಲ್‌ಗಳನ್ನು ಒಂದೇ ದಿನ ಕತ್ತರಿಸಿ ತೆಗೆದೆ. ಕಾರು ನಾಲ್ಕು ಮೂಲೆಗಳಲ್ಲಿ ಸ್ಟ್ಯಾಂಡುಗಳ ಮೇಲೆ ನಿಂತಿತ್ತು, ಎಂಜಿನ್ ಒಳಗೇ ಇತ್ತು, ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿದ್ದೆ. ಹೊಸ ಸಿಲ್‌ಗಳನ್ನು ಅಚ್ಚುಕಟ್ಟಾಗಿ ಬೆಸೆದು, ಗ್ರೈಂಡರಿನಿಂದ ನಯಮಾಡಿ, ಬಾಗಿಲನ್ನು ತಂದು ಹಿಂಜಿಗೆ ಸಿಕ್ಕಿಸಿದರೆ ಅದು ಮುಚ್ಚಲೇ ಇಲ್ಲ. ಹಿಂಭಾಗದ ಸಂದು ಕೆಳಗಡೆ ಏಳು ಮಿಲಿಮೀಟರ್ ಇದ್ದರೆ ಮೇಲ್ಗಡೆ ಅಂಚಿಗೆ ಅಂಚು ತಾಗುತ್ತಿತ್ತು. ಸಿಲ್ ಇಲ್ಲದ ಆ ಕೆಲವು ಗಂಟೆಗಳಲ್ಲಿ ಬಾಡಿ ನಡುವಿನಲ್ಲಿ ತಗ್ಗಿತ್ತು, ತಗ್ಗಿದ ಆಕಾರದಲ್ಲಿಯೇ ನಾನು ಅದನ್ನು ಭದ್ರವಾಗಿ ಬೆಸೆದಿದ್ದೆ. ಎಲ್ಲವನ್ನೂ ಮತ್ತೆ ಕತ್ತರಿಸಬೇಕಾಯಿತು.

ಸರಿಯಾದ ಕ್ರಮ ನಿಧಾನದ್ದು. ಕಾರನ್ನು ಸಸ್ಪೆನ್ಷನ್ನಿನ ಭಾರ ಬೀಳುವ ಜಾಗಗಳ ಬಳಿ ಸಮತಟ್ಟಾಗಿ ಆನಿಸಬೇಕು. ಹಿಂಜಿನ ಕಂಬದಿಂದ ಬೀಗದ ಕಂಬದವರೆಗೆ ಬಾಗಿಲ ಬಾಯಿಗೆ ಅಡ್ಡಲಾಗಿ ಚೌಕ ಕೊಳವೆಯ ಆಧಾರವೊಂದನ್ನು ಬೆಸೆಯಬೇಕು ಅಥವಾ ಬೋಲ್ಟಿನಿಂದ ಬಿಗಿಯಬೇಕು. ಒಂದು ಬದಿ ಪೂರ್ಣವಾಗುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬಾರದು. ಹೊಸ ಸಿಲ್ಲನ್ನು ಕ್ಲಾಂಪುಗಳಲ್ಲಿ ಹಿಡಿಸಿ, ನಾಲ್ಕಾರು ಕಡೆ ಚುಕ್ಕೆ ಬೆಸುಗೆಯಷ್ಟೇ ಹಾಕಿ, ಆಧಾರವನ್ನು ಸಡಿಲಿಸಿ ಬಾಗಿಲನ್ನು ತೂಗುಹಾಕಿ ಮುಚ್ಚಿ ನೋಡಬೇಕು. ಮೊದಲು ಬರೆದಿಟ್ಟ ಸಂದಿನ ಅಳತೆಗಳು ಬೇಕಾಗುವುದು ಇಲ್ಲಿಯೇ. ಒಂದು ಮಿಲಿಮೀಟರಿನ ಆಸುಪಾಸಿನ ತಗಡಿಗೆ ಉದ್ದುದ್ದ ಬೆಸುಗೆ ಎಳೆದರೆ ಅದು ಕಾವಿಗೆ ಸುರುಟಿಕೊಳ್ಳುತ್ತದೆ, ಆದ್ದರಿಂದ ಒಂದೆರಡು ಸೆಂಟಿಮೀಟರ್ ಬೆಸೆದು, ದೂರದ ಇನ್ನೊಂದು ಜಾಗಕ್ಕೆ ಹೋಗಿ, ಮೊದಲಿನದು ಆರಿದ ಮೇಲೆ ಮರಳಿ ಬರಬೇಕು. ಬೆಸುಗೆಗೆ ಮುಂಚೆ ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದ ತೆಗೆದು ದೂರ ಇಡಿ. ಖಾಲಿ ಟ್ಯಾಂಕು ಎಂದು ಉದಾಸೀನ ಮಾಡಬೇಡಿ, ಏಕೆಂದರೆ ಸ್ಫೋಟಿಸುವುದು ಅದರೊಳಗೆ ಉಳಿದ ಪೆಟ್ರೋಲ್ ಆವಿ. ಕ್ಲೋರಿನ್ ಸೇರಿದ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ತಗಡನ್ನು ಬೆಸೆಯಲೇಬಾರದು, ಆ ಕಾವಿನಲ್ಲಿ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಇನ್ನು ಎಂಜಿನ್. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯುವುದು ಅತ್ಯಂತ ಸಾಮಾನ್ಯವಾದ, ಅತ್ಯಂತ ದುಬಾರಿಯಾದ ಆತುರ. ಒಣಗಿದ ಸಿಲಿಂಡರಿನ ಗೋಡೆಯಲ್ಲಿ ತೆಳುವಾಗಿ ಕೂತ ತುಕ್ಕು ಪಿಸ್ಟನ್ ರಿಂಗುಗಳನ್ನು ಒಂದೇ ಸುತ್ತಿನಲ್ಲಿ ಮುರಿಯಬಲ್ಲದು. ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ತೆಳು ಎಣ್ಣೆ ಬಿಟ್ಟು, ಒಂದೆರಡು ದಿನ ಸುಮ್ಮನಿದ್ದು, ಕ್ರ್ಯಾಂಕಿನ ಪುಲ್ಲಿಯ ಬೋಲ್ಟಿಗೆ ಸ್ಪಾನರ್ ಹಾಕಿ ಕೈಯಿಂದಲೇ ತಿರುಗಿಸಿ. ತಿರುಗದಿದ್ದರೆ ಸ್ಪಾನರಿಗೆ ಕೊಳವೆ ಸಿಕ್ಕಿಸಿ ಒತ್ತುವುದು ಬೇಡ. ಇನ್ನಷ್ಟು ಎಣ್ಣೆ, ಇನ್ನಷ್ಟು ದಿನ. ಸರಾಗವಾಗಿ ತಿರುಗಿದರೆ ಹಳೆಯ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ಆಡಿಸಿ ಆಯಿಲ್ ಪ್ರೆಷರ್ ಬರುವುದನ್ನು ಕಂಡುಕೊಂಡ ಮೇಲಷ್ಟೇ ಚಾಲೂ ಮಾಡುವ ಮಾತು.

ಎಂಜಿನ್ ಓಡಿ ಬಿಸಿಯಾದ ಮೇಲೆ, ಥ್ರಾಟಲ್ಲನ್ನು ಪೂರ್ತಿ ತೆರೆದಿಟ್ಟು ಕಂಪ್ರೆಷನ್ ಅಳೆಯಿರಿ. ಇಲ್ಲಿ ಅಂಕಿಗಿಂತ ಅಂಕಿಗಳ ನಡುವಿನ ಅಂತರ ಮುಖ್ಯ. ನಾಲ್ಕೂ ಸಿಲಿಂಡರುಗಳು 140 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದರೆ ಅದು ದಣಿದಿದ್ದರೂ ಸಮಾಧಾನದಿಂದಿರುವ ಎಂಜಿನ್. ಮೂರು 160 ತೋರಿಸಿ ಒಂದು 105 ತೋರಿಸಿದರೆ ಅಲ್ಲಿ ಏನೋ ಸೋರುತ್ತಿದೆ. ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಅಂಕಿ ಮೇಲೇರಿದರೆ ಸವೆತ ರಿಂಗಿನದು, ಏರದಿದ್ದರೆ ಸೋರಿಕೆ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಹೆಡ್ ಎತ್ತುವ ಮುನ್ನ, ವಾಲ್ವನ್ನು ಒತ್ತಿ ತೆರೆಸುವ ಟ್ಯಾಪೆಟ್ಟಿನ ಅಂತರವನ್ನು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಯಿಂದ ನೋಡಿ. ಅಂತರವೇ ಇಲ್ಲದಷ್ಟು ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕಂಪ್ರೆಷನ್ ತಾನಾಗಿ ಇಳಿಯುತ್ತದೆ. ಒಂದು ಸಿಲಿಂಡರ್ ಸತ್ತಿದೆಯೆಂದು ಎಂಜಿನ್ನನ್ನೇ ಕೆಳಗಿಳಿಸಿ ತಂದವರೊಬ್ಬರಿಗೆ, ತೊಂದರೆ ಹತ್ತು ನಿಮಿಷದ ಟ್ಯಾಪೆಟ್ ಕೆಲಸವಾಗಿತ್ತೆಂದು ಹೇಳುವುದು ನನಗೂ ಕಷ್ಟವಾಗಿತ್ತು.

ಪೆಟ್ರೋಲಿನ ವಿಷಯವನ್ನು ಬೇಗ ಮುಗಿಸಬಹುದು. ಟ್ಯಾಂಕಿನ ಹಳೆಯ ಪೆಟ್ರೋಲ್ ಗೋಂದಾಗಿರುತ್ತದೆ, ಅದನ್ನು ಪೂರ್ತಿ ಹೊರಹಾಕಿ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆಯ ರಬ್ಬರ್ ಹೋಸುಗಳನ್ನು ಮೆತ್ತಗಾಗಿಸಿ ಸೀಳುವುದರಿಂದ, ಎಥನಾಲ್ ತಾಳುವ ಹೊಸ ಹೋಸುಗಳನ್ನೇ ಹಾಕಿ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಎಸ್‌ಯು ಮಾದರಿಯದಾಗಿದ್ದರೆ ಏರ್ ಫಿಲ್ಟರ್ ತೆಗೆದು ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಅದು ಸರಾಗವಾಗಿ ಇಳಿದು ತಳಕ್ಕೆ ತಾಗುವಾಗ ಸಣ್ಣದೊಂದು ಟಕ್ ಶಬ್ದ ಕೇಳಿಸಬೇಕು. ಕೇಳಿಸದಿದ್ದರೆ ಪಿಸ್ಟನ್ ಕೊಳೆಯಿಂದ ಹಿಡಿದಿದೆ ಅಥವಾ ಅದರ ಸೂಜಿ ಪೆಟ್ರೋಲ್ ಬರುವ ರಂಧ್ರವಾದ ಜೆಟ್ಟಿಗೆ ಉಜ್ಜುತ್ತಿದೆ, ಆ ಸ್ಥಿತಿಯಲ್ಲಿ ಎಷ್ಟು ಟ್ಯೂನಿಂಗ್ ಮಾಡಿದರೂ ವ್ಯರ್ಥ.

ಬ್ರೇಕಿನಲ್ಲಿ ಮಾತ್ರ ‘ಸದ್ಯಕ್ಕೆ ಸಾಕು’ ಎಂಬ ಮಾತಿಗೆ ಎಡೆಯಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂದು ಮಾನದಂಡವಿದ್ದರೆ, ತೇವ ಹಿಡಿದದ್ದಕ್ಕೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಕಾದ ಬ್ರೇಕಿನೊಳಗೆ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹಳೆಯ ರಬ್ಬರ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಹಾದಿ ಕಟ್ಟಿರುತ್ತವೆ. ಪೆಡಲಿನ ಒತ್ತಡಕ್ಕೆ ಆಯಿಲ್, ಚಕ್ರದ ಬಳಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ಹೋಗುತ್ತದೆ, ಕಾಲು ತೆಗೆದಾಗ ಮರಳುವುದಿಲ್ಲ, ಚಕ್ರ ಹಿಡಿದುಕೊಂಡೇ ಇರುತ್ತದೆ. ಇದನ್ನು ಕ್ಯಾಲಿಪರಿನ ದೋಷವೆಂದು ತಿಳಿದು ಕ್ಯಾಲಿಪರ್ ಬದಲಿಸಿದವರನ್ನು ಕಂಡಿದ್ದೇನೆ. ಗಾಳಿ ತೆಗೆಯುವಾಗಲೂ ಒಂದು ಎಚ್ಚರ ಬೇಕು. ಹಳೆಯ ಮಾಸ್ಟರ್ ಸಿಲಿಂಡರಿನ ಪೆಡಲನ್ನು ನೆಲದವರೆಗೆ ಒತ್ತಿದರೆ, ವರ್ಷಗಳಿಂದ ತಲುಪದಿದ್ದ ಒರಟು ಜಾಗಕ್ಕೆ ಒಳಗಿನ ರಬ್ಬರ್ ಸೀಲ್ ಹೋಗಿ ಹರಿಯುತ್ತದೆ. ಪೆಡಲಿನಡಿ ಮರದ ತುಂಡೊಂದನ್ನು ಇಟ್ಟು ಅರ್ಧದಷ್ಟೇ ಒತ್ತುವುದು ಕ್ಷೇಮ. ಸಿಲಿಕೋನಿನ ಡಾಟ್ 5 ಅನ್ನು ಡಾಟ್ 4ರೊಂದಿಗೆ ಬೆರೆಸಬಾರದು. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳನ್ನು ಬದಲಿಸಿದ ಮೇಲೂ ಕಾರು ಗಟ್ಟಿಯಾಗಿ ಕುಪ್ಪಳಿಸುತ್ತದೆ, ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ ಎಂದು ದೂರುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಬೋಲ್ಟುಗಳನ್ನು ಬಿಗಿಮಾಡಿದಾಗ ಚಕ್ರ ಎಲ್ಲಿತ್ತು? ಚಕ್ರ ಗಾಳಿಯಲ್ಲಿ ಜೋತುಬಿದ್ದಿರುವಾಗ ಬಿಗಿದರೆ ಬುಷ್‌ನ ರಬ್ಬರ್ ಆ ಸ್ಥಿತಿಗೆ ಕಚ್ಚಿಕೊಳ್ಳುತ್ತದೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ಅದು ತಿರುಚಿದ ಸ್ಥಿತಿಯಲ್ಲಿರುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಕೂತ ನಂತರವೇ ಕೊನೆಯ ಬಿಗಿತ ಕೊಡಬೇಕು.

ವಿದ್ಯುತ್ತಿನ ತೊಂದರೆಗಳಿಗೆ ಹಳೆಯ ಬ್ರಿಟಿಷ್ ಕಾರುಗಳು ಹೆಸರುವಾಸಿ. ನನ್ನ ಅನುಭವದಲ್ಲಿ ಅವುಗಳಲ್ಲಿ ಹೆಚ್ಚಿನವು ಅರ್ಥಿಂಗಿನ, ಅಂದರೆ ವಿದ್ಯುತ್ತು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಹಾದಿಯ ತೊಂದರೆಗಳು. ಇಂಡಿಕೇಟರ್ ಮಿನುಗಿದಂತೆ ಹಿಂದಿನ ದೀಪವೂ ತುಸು ಮಿನುಗುತ್ತಿದ್ದರೆ ಅಲ್ಲಿನ ಅರ್ಥ್ ಜೋಡಣೆ ಕಿಲುಬು ಹಿಡಿದಿದೆ ಎಂದೇ ಅರ್ಥ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ತುದಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ತಾಗಿಸಿ, ಸ್ಟಾರ್ಟರ್ ತಿರುಗುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಹೊಸ ಸ್ಟಾರ್ಟರ್ ಕೊಳ್ಳುವ ಮೊದಲು ಆ ಹಾದಿಯ ಪ್ರತಿಯೊಂದು ಜೋಡಣೆಯನ್ನೂ ತಂತಿ ಬ್ರಷ್‌ನಿಂದ ಹೊಳೆಯುವಂತೆ ತಿಕ್ಕಿ ಬಿಗಿಮಾಡಿ. ‘ಅರ್ಥ್ ತುದಿ’ ಎಂದು ಬರೆದದ್ದಕ್ಕೆ ಕಾರಣವಿದೆ. ಎಂಜಿಬಿಯಂತಹ ಕಾರುಗಳಲ್ಲಿ 1967ರವರೆಗೆ ಬಾಡಿಗೆ ಸೇರಿದ್ದು ಬ್ಯಾಟರಿಯ ಪಾಸಿಟಿವ್ ತುದಿ. ಹಳೆಯ ಕಾರಿನಲ್ಲಿ ಯಾವುದು ಬಾಡಿಗೆ ಸೇರಿದೆಯೋ ಆ ಕೇಬಲನ್ನು ಮೊದಲು ಕಳಚಬೇಕು, ಆಗ ಇನ್ನೊಂದು ತುದಿಯನ್ನು ಬಿಚ್ಚುವಾಗ ಸ್ಪಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ.

ಪೇಂಟಿನ ಬಗ್ಗೆ ಬರೆಯುವುದನ್ನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ, ಅದು ಬರಬೇಕಾದದ್ದೂ ಕೊನೆಗೇ. ಮೊದಲು ಕಾರನ್ನು ಬಣ್ಣವಿಲ್ಲದೆಯೇ ಓಡಿಸಿ. ಮೊದಲ ಓಟ ಹತ್ತು ನಿಮಿಷದ್ದಾಗಿರಲಿ, ನಿಂತ ಮೇಲೆ ನಾಲ್ಕು ಚಕ್ರಗಳಲ್ಲಿ ಪ್ರತಿಯೊಂದರ ನಡುಭಾಗದ ಹತ್ತಿರ ಅಂಗೈ ತಂದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ಸಂಖ್ಯೆಯನ್ನೂ ಓದಿಕೊಳ್ಳಿ, 2318 ಎಂದಿದ್ದರೆ ಅದು 2018ರ 23ನೇ ವಾರದ್ದು. ಸವೆಯದೆ ಗಟ್ಟಿಯಾಗಿ ಬಿರುಕುಬಿಟ್ಟ ಟೈರಿನ ಮೇಲೆ ವೇಗ ಪರೀಕ್ಷೆ ಮಾಡುವುದು ಬೇಡ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನೂ ಸಸ್ಪೆನ್ಷನ್ನಿನ ಬೋಲ್ಟುಗಳನ್ನೂ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ, ಬಿಗಿಮಾಡಿದ ಪ್ರತಿಯೊಂದರ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟಿನ ಗೆರೆಯೊಂದನ್ನು ಎಳೆಯಿರಿ. ಮುಂದಿನ ಸಲ ಕಾರಿನಡಿ ಇಣುಕಿದಾಗ ಗೆರೆ ಮುರಿದಿದ್ದರೆ, ಸಡಿಲಾದ ಬೋಲ್ಟ್ ಯಾವುದೆಂದು ಹುಡುಕಬೇಕಾಗುವುದಿಲ್ಲ.