ಗೋದಾವರಿ ಕಣಿವೆಯ ಪ್ಯಾರಾಸೂಕಸ್: ಮುರಿದ ಮೂತಿಯಿಂದ ಪೂರ್ತಿ ಅಸ್ಥಿಪಂಜರದವರೆಗೆ

ಟ್ರಯಾಸಿಕ್ ಕಾಲದ ಬೇಟೆಗಾರ ಪ್ರಾಣಿ ಅಂದ ತಕ್ಷಣ ಎಲ್ರೂ ಅಮೆರಿಕಾ, ಅರ್ಜೆಂಟೀನಾ ಕಡೆನೇ ನೋಡ್ತಾರೆ. ಆದ್ರೆ ನಮ್ಮ ಪಕ್ಕದ ತೆಲಂಗಾಣದಲ್ಲೇ, ಪ್ರಾಣಹಿತಾ-ಗೋದಾವರಿ ಕಣಿವೆಯ ಮಲೇರಿ ಅನ್ನೋ ಊರಿನ ಸುತ್ತ ಕೆಂಪು ಜೇಡಿಮಣ್ಣಿನ ಪದರಗಳಿವೆ, ಸುಮಾರು 22-23 ಕೋಟಿ ವರ್ಷ ಹಳೇವು, ಅದರೊಳಗೆ ಸಿಕ್ಕಿದ್ದೇ ಪ್ಯಾರಾಸೂಕಸ್ ಹಿಸ್ಲೋಪಿ.

ನೋಡಿದ್ರೆ ಥೇಟ್ ಮೊಸಳೆ, ಉದ್ದ ಹೆಚ್ಚುಕಮ್ಮಿ ಎರಡೂವರೆ ಮೀಟರ್. ಆದ್ರೆ ಮೊಸಳೆ ಅಲ್ಲ. ಮೊಸಳೆಗೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿರುತ್ತೆ, ಇದಕ್ಕೆ ಕಣ್ಣಿನ ಹತ್ರ, ತಲೆ ಮೇಲೇ ಇತ್ತು, ಮೂತಿಯೆಲ್ಲ ನೀರೊಳಗೆ ಮುಳುಗಿಸಿಕೊಂಡು ಕೂತ್ರೂ ಉಸಿರಾಡಬಹುದಿತ್ತು. ಇವು ಫೈಟೋಸಾರ್ ಅನ್ನೋ ಬೇರೆಯೇ ಗುಂಪು. ಆ ಗುಂಪಿನ ಕಥೆ ಶುರುವಾಗಿದ್ದೇ ತಪ್ಪಿನಿಂದ: 1828ರಲ್ಲಿ ಜರ್ಮನಿಯ ವಿಜ್ಞಾನಿ ಯೇಗರ್, ಹಲ್ಲಿನ ಗೂಡುಗಳೊಳಗೆ ಗಟ್ಟಿಯಾಗಿದ್ದ ಮಣ್ಣನ್ನೇ ಮೊಂಡು ಹಲ್ಲು ಅಂದ್ಕೊಂಡು ಇದು ಸೊಪ್ಪು ತಿನ್ನೋ ಪ್ರಾಣಿ ಅಂತ ತೀರ್ಮಾನ ಮಾಡಿಬಿಟ್ರು.

ನಮ್ಮ ಕಡೆನೂ ಅದೇ ಗೋಳು. 19ನೇ ಶತಮಾನದ ಮಧ್ಯದಲ್ಲಿ ನಾಗಪುರದ ಮಿಷನರಿ ಸ್ಟೀಫನ್ ಹಿಸ್ಲಾಪ್ ಈ ಕಡೆಯ ಪಳೆಯುಳಿಕೆಗಳನ್ನ ಕೂಡಿಹಾಕಿದ್ರು, 1885ರಲ್ಲಿ ಲೈಡೆಕರ್ ಅನ್ನೋ ವಿಜ್ಞಾನಿ ಹಿಸ್ಲಾಪ್ ಹೆಸರನ್ನೇ ಸೇರಿಸಿ ಈ ಪ್ರಾಣಿಗೆ ಹೆಸರಿಟ್ರು. ಆದ್ರೆ ಕೈಯಲ್ಲಿದ್ದದ್ದು ಬರೀ ಚೂರುಗಳು, ಅದ್ರಲ್ಲೂ ತಲೆಬುರುಡೆಯ ಬುಡದ ಮೂಳೆ ಫೈಟೋಸಾರ್‌ದೇ ಅಲ್ಲ, ಹೈಪರೋಡಪೆಡಾನ್ ಅನ್ನೋ ಸಸ್ಯಾಹಾರಿ ಸರೀಸೃಪದ್ದು ಅಂತ ಆಮೇಲೆ ಗೊತ್ತಾಯ್ತು. ಕೊನೆಗೆ ಹೆಸರು ಹಿಡಿದು ನಿಂತಿದ್ದು ಒಂದು ಮುರಿದ ಮೂತಿ ಮೇಲೆ.

ಇದು ಬದಲಾಗಿದ್ದು ಇಲ್ಲಿನವರೇ ಇಳಿದು ಅಗೆದಾಗ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಕರೆದಿದ್ದಕ್ಕೆ ಲಂಡನ್ನಿಂದ ಬಂದ ಪಳೆಯುಳಿಕೆ ತಜ್ಞೆ ಪಮೇಲಾ ರಾಬಿನ್ಸನ್, ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಳೆಯುಳಿಕೆ ಅಧ್ಯಯನಕ್ಕೆ ಅಡಿಪಾಯ ಹಾಕಿದ್ರು. ಅದೇ ಸಂಸ್ಥೆಯ ಕೆಲಸದಿಂದ ಅಕ್ಕಪಕ್ಕದಲ್ಲೇ ಬಿದ್ದಿದ್ದ ಎರಡು ಹೆಚ್ಚುಕಮ್ಮಿ ಪೂರ್ತಿ ಅಸ್ಥಿಪಂಜರ ಸಿಕ್ವು, ಶಂಕರ್ ಚಟರ್ಜಿ 1978ರಲ್ಲಿ ಅದರ ವಿವರ ಬರೆದ್ರು. ನನಗೆ ತುಂಬ ಇಷ್ಟದ ವಿಷಯ ಅಂದ್ರೆ ಅವುಗಳ ಹೊಟ್ಟೆ ಭಾಗ, ಅಲ್ಲಿ ಮಲೇರಿಸಾರಸ್ ಅನ್ನೋ ಸಣ್ಣ ಸರೀಸೃಪದ ಮೂಳೆಗಳಿದ್ವು, ಅಂದ್ರೆ ಕೊನೆಯ ಊಟವೇ ಒಂದು ಹೊಸ ಪ್ರಾಣಿಯನ್ನ ಪರಿಚಯ ಮಾಡಿಸ್ತು! ಬೇಟೆ ಬರೀ ಮೀನಿಗೆ ಸೀಮಿತ ಆಗಿರ್ಲಿಲ್ಲ ಅನ್ನೋದೂ ಖಾತ್ರಿಯಾಯ್ತು.

ಆಗ ಭಾರತ ಪ್ಯಾಂಜಿಯಾ ಅನ್ನೋ ಒಂದೇ ಮಹಾಖಂಡದ ದಕ್ಷಿಣ ಭಾಗದಲ್ಲಿತ್ತು, ಹಿಮಾಲಯದ ಸುದ್ದಿನೇ ಇಲ್ಲ. ಮಳೆಗಾಲದಲ್ಲಿ ಉಕ್ಕೋ ನದಿ, ಹರಡ್ಕೊಳ್ಳೋ ಕೆಸರು, ಅದರಲ್ಲಿ ಶ್ವಾಸಕೋಶ ಇರೋ ಮೀನುಗಳು, ಚಪ್ಪಟೆ ತಲೆಯ ದೊಡ್ಡ ಉಭಯವಾಸಿಗಳು, ದಡದಲ್ಲಿ ಹೈಪರೋಡಪೆಡಾನ್. ಡೈನೋಸಾರ್‌ಗಳು ಆಗಿನ್ನೂ ಅಲ್ವಾಕೇರಿಯಾ ಥರದ ಪುಟ್ಟ ಜೀವಿಗಳು.

ಇಷ್ಟೆಲ್ಲ ತಿಳಿದ ಮೇಲೂ ಹೆಸರು ಮಾತ್ರ ಆ ಮುರಿದ ಮೂತಿಗೇ ಅಂಟ್ಕೊಂಡಿತ್ತು, ಅದನ್ನ ನೋಡಿ ಯಾವ ಫೈಟೋಸಾರ್ ಅಂತ ಹೇಳೋಕೇ ಆಗಲ್ಲ, ಹೆಸರನ್ನೇ ಕೈಬಿಡಿ ಅಂತ ವಾದ ಎದ್ದಿತು. ಮೂತಿಯ ಬದಲು ಪೂರ್ತಿ ಅಸ್ಥಿಪಂಜರಕ್ಕೇ ಈ ಹೆಸರು ಕೊಡಿ ಅಂತ ಚಟರ್ಜಿ 2001ರಲ್ಲಿ ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಆಯೋಗಕ್ಕೆ ಅರ್ಜಿ ಹಾಕಿದ್ರು, 2003ರಲ್ಲಿ ಆಯೋಗ ಒಪ್ಪಿತು. ಈಗ ಪ್ಯಾರಾಸೂಕಸ್ ಅಂದ್ರೆ ಅಧಿಕೃತವಾಗಿ ಕೋಲ್ಕತ್ತಾದ ಅದೇ ಸಂಸ್ಥೆಯ (ಐಎಸ್‌ಐ) ಸಂಗ್ರಹದಲ್ಲಿರೋ ಪೂರ್ತಿ ಅಸ್ಥಿಪಂಜರ, ನಂಬರ್ ಐಎಸ್‌ಐ ಆರ್ 42.