ಬ್ರೇಕರ್ ಇದ್ಯಲ್ಲ ಸರ್, ಎಕ್ಸ್‌ಟೆನ್ಷನ್ ಕಾರ್ಡ್ ಯಾವ್ದಾದ್ರೇನು?

ಪ್ರಶ್ನೆ: ಅಮೆರಿಕದಲ್ಲಿದೀವಿ, ಆರ್‌ವಿ (ಒಳಗೇ ಮನೆ ಥರ ವಾಸ ಮಾಡೋ ಗಾಡಿ) ಡ್ರೈವ್‌ವೇಲಿ ನಿಂತಿದೆ. ಗ್ಯಾರೇಜ್ ಪ್ಲಗ್ಗಿಂದ ಎಕ್ಸ್‌ಟೆನ್ಷನ್ ಕಾರ್ಡ್ ಎಳೆದು ಏಸಿ ಓಡಿಸಬಹುದಾ? ಜಾಸ್ತಿ ಆದ್ರೆ ಹೆಂಗೂ ಬ್ರೇಕರ್ ಟ್ರಿಪ್ ಆಗತ್ತಲ್ವಾ?

ಬೇಸಿಗೆ ಬಂತು ಅಂದ್ರೆ ಈ ಪ್ರಶ್ನೆನೂ ಬಂತು ಅಂತ್ಲೇ ಲೆಕ್ಕ. ಲೈಟು, ಫ್ರಿಜ್ಜು, ಬ್ಯಾಟರಿ ಚಾರ್ಜು ಇಷ್ಟೇ ಆದ್ರೆ ಅಂಥ ತೊಂದರೆ ಇಲ್ಲ. ಏಸಿ ಬೇಕು ಅಂದ್ರೆ 20 ಆಂಪ್ ಬ್ರೇಕರಿನ ಪ್ಲಗ್ಗು, ಆ ಲೈನಲ್ಲಿ ಬೇರೇನೂ ಓಡ್ತಿರಬಾರ್ದು, 12 ಗೇಜ್ ಕಾರ್ಡು, 10 ಆದ್ರೆ ಇನ್ನೂ ವಾಸಿ, ಅದೂ ಆದಷ್ಟು ಗಿಡ್ಡ. ಗೇಜ್ ನಂಬರ್ ಕಮ್ಮಿ ಆದಷ್ಟೂ ತಂತಿ ದಪ್ಪ, ಉಲ್ಟಾ ತಿಳ್ಕೊಂಡು 16 ತರಬೇಡಿ.

ಈಗ ಆ ಬ್ರೇಕರ್ ಕಥೆ. ಎಷ್ಟು ಸಲ ಹೇಳ್ಲಿ, ಬ್ರೇಕರ್ ಕಾಯೋದು ಗೋಡೆ ಒಳಗಿನ ವೈರನ್ನ, ನಿಮ್ಮ ಕಾರ್ಡನ್ನಲ್ಲ! ಗೋಡೇಲಿ 12 ಗೇಜ್ ಇದೆ ಅಂತ 20 ಆಂಪ್ ಹಾಕಿರ್ತಾರೆ, ನೀವು ಆಚೆ 16 ಗೇಜಿನ ಕಿತ್ತಳೆ ಕಾರ್ಡ್ ಸಿಕ್ಕಿಸಿದೀರ ಅಂತ ಅದಕ್ಕೇನು ಕನಸು ಬೀಳತ್ತಾ? 13,500 ಬಿಟಿಯು (ತಂಪು ಮಾಡೋ ಶಕ್ತಿಯ ಅಳತೆ) ಏಸಿ ಒಂದೇ 12-13 ಆಂಪ್ ತಿನ್ನತ್ತೆ, ಮೇಲೆ ಬ್ಯಾಟರಿ ಚಾರ್ಜರ್ ನಾಲ್ಕೈದು, ಒಟ್ಟು 17-18 ಹರೀತಿದ್ರೂ 20ರ ಬ್ರೇಕರ್ ತಣ್ಣಗೆ ಕೂತಿರತ್ತೆ, ಬೇಯೋದು ಕಾರ್ಡು. ಬರೀ ಏಸಿನೇ ಲೆಕ್ಕ ಹಾಕಿ: 100 ಅಡಿ 16 ಗೇಜ್, ಹೋಗಿ ಬರೋಕೆ 200 ಅಡಿ, ರೆಸಿಸ್ಟೆನ್ಸ್ ಸುಮಾರು 0.8 ಓಮ್, 13 ಆಂಪ್‌ಗೆ 10 ವೋಲ್ಟ್ ದಾರೀಲೇ ಖರ್ಚು, 135 ವ್ಯಾಟ್ ಶಾಖ. ಉಳಿದ ಕಾರ್ಡನ್ನ ಸಿಂಬೆ ಸುತ್ತಿ ಇಟ್ರಂತೂ ಆ ಶಾಖ ಎಲ್ಲಿಗೆ ಹೋಗ್ಬೇಕು? ಅತ್ಲಾಗೆ ವೋಲ್ಟೇಜ್ ಸಾಲದೆ ಕಂಪ್ರೆಸರ್ ತಿಣುಕ್ತಿರತ್ತೆ. ಅದೇ 10 ಗೇಜ್ ಆಗಿದ್ರೆ ಬೀಳೋದು ಎರಡೂವರೆ ವೋಲ್ಟ್ ಅಷ್ಟೇ.

ಊರಲ್ಲಿ ಇಂಥ ವೈರಲ್ಲೇ ಎಲ್ಲಾ ಓಡಿಸ್ತಿದ್ವಿ ಅನ್ಬೇಡಿ, ಅಲ್ಲಿ 230 ವೋಲ್ಟ್, ಇಲ್ಲಿ 120. ಅದೇ 1500 ವ್ಯಾಟ್‌ಗೆ ಅಲ್ಲಿ ಆರೂವರೆ ಆಂಪ್, ಇಲ್ಲಿ ಹನ್ನೆರಡೂವರೆ. ಇನ್ನು ಆರ್‌ವಿಯ 30 ಆಂಪ್ ಪ್ಲಗ್ಗನ್ನ ಮನೆ ಸಾಕೆಟ್ಟಿಗೆ ಕೂರಿಸೋಕೆ ಹಾಕೋ ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸತ್ತೆ, ಆಂಪ್ ಹುಟ್ಟಿಸಲ್ಲ. ಟ್ರಿಪ್ ಆಗತ್ತೆ ಅಂತ 15ರ ಬ್ರೇಕರ್ ಕಿತ್ತು 20 ಹಾಕಿಸ್ತೀನಿ ಅನ್ನೋರು ಗೋಡೇಲಿ 14 ಗೇಜ್ ಇರತ್ತೆ ಅನ್ನೋದನ್ನ ನೆನಪಿಟ್ಕೊಳ್ಳಿ.

ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. ಇದೆಲ್ಲ ರಗಳೆನೇ ಬೇಡ ಅಂತ 30 ಆಂಪ್ ಔಟ್‌ಲೆಟ್ಟೇ ಹಾಕಿಸೋದಾದ್ರೆ, ಆರ್‌ವಿದು ಟಿಟಿ-30, ಮೂರು ಪಿನ್ನು, 120 ವೋಲ್ಟ್. ಎಲೆಕ್ಟ್ರಿಷಿಯನ್ 30 ಆಂಪ್ ಅಂದ ತಕ್ಷಣ ಬಟ್ಟೆ ಡ್ರೈಯರ್ ನೆನಪಾಗಿ 240 ಕೊಟ್ಬಿಡೋದು ಹೊಸದೇನಲ್ಲ, ಹಂಗಾದ್ರೆ ಮೈಕ್ರೋವೇವಿಂದ ಚಾರ್ಜರ್‌ವರೆಗೂ ಒಟ್ಟಿಗೇ ಸುಟ್ಟು ಹೋಗ್ಬಹುದು. ಆರ್‌ವಿ ಸಿಕ್ಕಿಸೋ ಮುಂಚೆ, ಅವ್ರು ಇನ್ನೂ ಅಲ್ಲೇ ಇರುವಾಗ್ಲೇ, ಮೀಟರ್ ಹಿಡಿದು 120 ತೋರ್ಸಿ ಅಂತ ಕೇಳಿ.