ಕಾರ್ಮಾರ್ದನ್ 1966: ಇಷ್ಟೊಂದು ವೋಟು ಎಲ್ಲಿಂದ ಬಂತು?

ಉಪಚುನಾವಣೆ ಫಲಿತಾಂಶ ಬಂದ ಕೂಡಲೇ ಎಲ್ಲರೂ ಶೇಕಡಾವಾರು ಹಿಡಿದುಕೊಂಡು ಚರ್ಚೆಗೆ ಕೂರುತ್ತಾರೆ. ಚುನಾವಣೆ ಅಂಕಿಅಂಶ ನೋಡುವುದೇ ನನ್ನ ಕೆಲಸ. ನಾನು ಮೊದಲು ನೋಡುವುದು ಬಿದ್ದ ವೋಟು. ಯಾಕೆ ಅಂತ ತಿಳಿಯಲು ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಕಾರ್ಮಾರ್ದನ್ ಕ್ಷೇತ್ರ ನೋಡಿ.

1966ರ ಮಾರ್ಚ್ ಸಾರ್ವತ್ರಿಕ ಚುನಾವಣೆಯಲ್ಲಿ ಲೇಬರ್ ಪಕ್ಷದ ಮೇಗನ್ ಲಾಯ್ಡ್ ಜಾರ್ಜ್ ಇಲ್ಲಿ 21,221 ವೋಟು ಪಡೆದು ಆರಾಮಾಗಿ ಗೆದ್ದಿದ್ದರು. ಮಾಜಿ ಪ್ರಧಾನಿಯ ಮಗಳು, ಹೆಸರೇ ಸಾಕಿತ್ತು ಅನ್ನಿ. ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷ ಪ್ಲೈಡ್ ಕಮ್ರಿಯ ಗ್ವಿನ್ವರ್ ಎವಾನ್ಸ್‌ಗೆ ಸಿಕ್ಕಿದ್ದು 7,416, ಮೂರನೇ ಸ್ಥಾನ. ಮೇನಲ್ಲಿ ಮೇಗನ್ ತೀರಿಕೊಂಡರು. ಜುಲೈ 14ರಂದು ಮತ್ತೆ ಮತದಾನ. ಎವಾನ್ಸ್ 16,179, ಲೇಬರ್‌ನ ಗ್ವಿಲಿಮ್ ಪ್ರೀಸ್ ಡೇವಿಸ್ 13,743. ಪ್ಲೈಡ್ ಕಮ್ರಿಯ ಮೊದಲ ಸಂಸದ ಆಯ್ಕೆಯಾಗಿದ್ದು ಹೀಗೆ.

ಲೇಬರ್‌ನವರು ಬೇಸತ್ತು ಪ್ಲೈಡ್‌ಗೆ ಹಾಕಿದರು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಲೆಕ್ಕ ಒಪ್ಪಲ್ಲ. ಲೇಬರ್ ಕಳೆದುಕೊಂಡಿದ್ದು 7,478, ಎವಾನ್ಸ್‌ಗೆ ಹೆಚ್ಚಿದ್ದು 8,763. ಲೇಬರ್ ಬಿಟ್ಟವರೆಲ್ಲ ಇವರಿಗೇ ಹಾಕಿದರು ಅಂದುಕೊಂಡರೂ 1,285 ವೋಟು ಬೇರೆ ಕಡೆಯಿಂದ ಬರಬೇಕು. ಅದೇ ಹೊತ್ತಿಗೆ ಲಿಬರಲ್‌ಗೆ 3,338, ಕನ್ಸರ್ವೇಟಿವ್‌ಗೆ 2,404 ವೋಟು ಕಡಿಮೆಯಾಗಿವೆ, ಕನ್ಸರ್ವೇಟಿವ್ ಅಭ್ಯರ್ಥಿಗೆ ಠೇವಣಿಯೂ ಉಳಿಯಲಿಲ್ಲ. ಒಟ್ಟು ಮತದಾನವೂ ನಾಲ್ಕು ಸಾವಿರದಷ್ಟು ಇಳಿದಿತ್ತು. ಅಂದರೆ ಒಂದಷ್ಟು ಜನ ಮನೆಯಲ್ಲೇ ಉಳಿದರು, ಇನ್ನೊಂದಷ್ಟು ಜನ ಬೇರೆ ಬೇರೆ ಪಕ್ಷಗಳಿಂದ ಕದಲಿದಂತಿದೆ. ಯಾರು ಎಲ್ಲಿಂದ ಎಲ್ಲಿಗೆ ಹೋದರು ಅನ್ನುವುದು ಗುಪ್ತ ಮತದಾನದಲ್ಲಿ ಗೊತ್ತಾಗಲ್ಲ, ಗೊತ್ತು ಅನ್ನುವವರನ್ನು ನಂಬಬೇಡಿ.

ಕದಲಿದ್ದು ಯಾಕೆ? ಲಂಡನ್‌ನಲ್ಲಿ ಲೇಬರ್ ಸರ್ಕಾರಕ್ಕೆ ಆಗಷ್ಟೇ ಭರ್ಜರಿ ಬಹುಮತ ಸಿಕ್ಕಿತ್ತು, ಒಂದು ಸೀಟು ಹೋದರೆ ಏನೂ ಆಗುತ್ತಿರಲಿಲ್ಲ. ಇಂಥಾ ಹೊತ್ತಲ್ಲೇ ಜನ ಧೈರ್ಯವಾಗಿ ವೋಟು ಹಾಕುವುದು, ಅಲ್ವಾ? ಜೊತೆಗೆ ಕಲ್ಲಿದ್ದಲು ಗಣಿ ಮುಚ್ಚುವ ಭಯ, ವೆಲ್ಶ್ ಭಾಷೆಯ ಚಿಂತೆ. ಇಂಗ್ಲೆಂಡಿನ ಲಿವರ್‌ಪೂಲ್‌ಗೆ ನೀರು ಕೊಡಲು ಕಾಪೆಲ್ ಕೆಲಿನ್ ಎಂಬ ವೆಲ್ಶ್ ಹಳ್ಳಿಯನ್ನೇ ಮುಳುಗಿಸಿದ ಜಲಾಶಯ ಉದ್ಘಾಟನೆಯಾಗಿದ್ದು ಹಿಂದಿನ ವರ್ಷವಷ್ಟೇ. ಆ ಹಳ್ಳಿ ಕಾರ್ಮಾರ್ದನ್‌ನಿಂದ ದೂರ, ಆದರೆ ಸಿಟ್ಟು ಇಡೀ ವೇಲ್ಸ್‌ನದು. ಎವಾನ್ಸ್ ಸಹ ಹೊಸಬರೇನಲ್ಲ. 1945ರಿಂದ ಪಕ್ಷದ ಅಧ್ಯಕ್ಷ, ಅದೇ ಜಿಲ್ಲೆಯ ಕೌನ್ಸಿಲರ್.

ಸುಮ್ನೆ ಸಿಟ್ಟಿನ ವೋಟು ಅಂದವರಿಗೆ 1970ರಲ್ಲಿ ಖುಷಿಯಾಯಿತು, ಸೀಟು ಲೇಬರ್‌ಗೆ ವಾಪಸ್ ಹೋಯಿತು. ಆದರೆ 1974ರ ಫೆಬ್ರವರಿಯಲ್ಲಿ ಎವಾನ್ಸ್ ಸೋತಿದ್ದು ಬರೀ 3 ವೋಟಿನಿಂದ. ಅದೇ ಅಕ್ಟೋಬರ್‌ನಲ್ಲಿ ಗೆದ್ದರು, ಅದೂ ಸಾರ್ವತ್ರಿಕ ಚುನಾವಣೆಯಲ್ಲಿ.